ಸ್ಪೆಲಿಂಗ್ ತಪ್ಪು ಅಂತ ನಗುವ ಮೊದಲು

ಕೇಳುಗರಿಗೆ ನಮಸ್ಕಾರ.

ಕಾಸರಗೋಡು ಅಂತ ಇಂಗ್ಲಿಷಿನಲ್ಲಿ ಬರೆಯುವಾಗ 'ಆರ್' ಆದ ಮೇಲೆ ಒಂದು 'ಎ' ಬೇಕೋ, ಬೇಡವೋ? ಬೋರ್ಡುಗಳನ್ನು ನೋಡುತ್ತಾ ಹೋದರೆ ಎರಡೂ ಸಿಗುತ್ತವೆ. ಕೊನೆಗೊಂದು 'ಇ' ಅಂಟಿಸುವವರೂ ಇದ್ದಾರೆ. ಕುಂಬಳೆಯನ್ನು ರೈಲ್ವೆಯವರು 'ಎ'ಯಲ್ಲಿ ಮುಗಿಸುತ್ತಾರೆ. ಅದೇ ಊರಿನ ಹೆಸರು ಹೊತ್ತ ಅನಿಲ್ ಕುಂಬ್ಳೆ 'ಇ'ಯಲ್ಲಿ ಮುಗಿಸುತ್ತಾರೆ. ಇದಕ್ಕೆಲ್ಲ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಕನ್ನಡ ಮಾಧ್ಯಮದ ಹುಡುಗನೊಬ್ಬ ಇಂಗ್ಲಿಷ್ ಪದದಲ್ಲಿ ಒಂದಕ್ಷರ ಬಿಟ್ಟರೆ ಸಾಕು, ನಗುವವರು ಜಾಸ್ತಿ.

ಪೇಟೆಯಲ್ಲಿ ಸುಮ್ನೆ ಒಂದು ಸುತ್ತು ಹಾಕಿ. ಟ್ಯೂಷನ್ ಬೋರ್ಡಿನಲ್ಲಿ 'ಯು' ಆದ ಮೇಲಿನ 'ಐ' ಮಾಯ. ಲಾಡ್ಜಿನ ಅಕಾಮಡೇಶನ್‌ಗೆ 'ಸಿ' ಎರಡು, 'ಎಮ್' ಎರಡು ಬೇಕು. ಒಂದು ಕಡೆ ಕೊಟ್ಟವರು ಇನ್ನೊಂದು ಕಡೆ ಉಳಿಸುತ್ತಾರೆ. ಪೆನ್ನು, ಪುಸ್ತಕ ಮಾರುವ ಸ್ಟೇಷನರಿ ಅಂಗಡಿಯದ್ದಂತೂ ಕೇಳುವುದೇ ಬೇಡ. ಕೊನೆಯ 'ಆರ್, ವೈ'ಗೆ ಮೊದಲು 'ಇ' ಇದ್ದರೆ ಪೆನ್ನು, ಕಾಗದ. 'ಎ' ಇದ್ದರೆ ನಿಂತಲ್ಲೇ ನಿಂತಿರುವುದು. ಬೋರ್ಡಿನಲ್ಲಿ 'ಎ' ನೋಡಿ ಮಾಷ್ಟ್ರುಗಳು ನಗುತ್ತಾರೆ. ಆದರೆ ಎರಡರ ಬೇರೂ ಒಂದೇ, ಮಾರಾಯ್ರೆ! ಊರೂರು ತಿರುಗದೆ ಒಂದೇ ಕಡೆ ಅಂಗಡಿ ಇಟ್ಟು ಕೂತವನಿಗೆ ಹಿಂದೆ ಸ್ಟೇಷನರ್ ಅನ್ನುತ್ತಿದ್ದರು. ಹೀಗೆ ಕೂತು ಮಾರುತ್ತಿದ್ದವರು ಹೆಚ್ಚಾಗಿ ಪುಸ್ತಕದವರು. ಹಾಗಾಗಿ ನಮ್ಮ ಅಂಗಡಿಯವರದ್ದು ತಪ್ಪೇ ಆದರೂ ಅರ್ಥ ಇಲ್ಲದ ತಪ್ಪಲ್ಲ.

ಅರ್ಥ ಇಲ್ಲದ್ದನ್ನು ಮಾಡಿದವರು ಪಂಡಿತರು. ಸಾಲಕ್ಕೆ ಡೆಟ್ ಅನ್ನುತ್ತೇವಲ್ಲ, ಅದು ಫ್ರೆಂಚಿನಿಂದ ಬಂದಾಗ ಅದರಲ್ಲಿ 'ಬಿ' ಇರಲಿಲ್ಲ. ಮೂಲ ಲ್ಯಾಟಿನ್ ಪದದಲ್ಲಿ ಇದೆ ಅಂತ ಆಮೇಲೆ ತುರುಕಿದರು. ಬಾಯಲ್ಲಿ ಯಾರೂ ಅದನ್ನು ಹೇಳಲಿಲ್ಲ, ಇವತ್ತಿಗೂ ಹೇಳುವುದಿಲ್ಲ. ರಸೀದಿಗೆ, ಅಂದರೆ ರಿಸೀಟ್‌ಗೆ, 'ಪಿ' ಬಂದದ್ದೂ ಹೀಗೆಯೇ. ಅದರ ದಾಯಾದಿ ಡಿಸೀಟ್‌ಗೆ ಮಾತ್ರ 'ಪಿ' ಉಳಿಯಲಿಲ್ಲ. ಐಲ್ಯಾಂಡ್‌ನ 'ಎಸ್' ಇನ್ನೂ ತಮಾಷೆ. ಅದು ಹಳೆಯ ಇಂಗ್ಲಿಷಿನದೇ ಪದ, ಲ್ಯಾಟಿನ್ ಸಂಬಂಧವೇ ಇಲ್ಲ. ದ್ವೀಪಕ್ಕೇ ಹೇಳುವ ಐಲ್ ಅನ್ನುವ ಬೇರೆ ಪದದ ನೆಂಟಸ್ತಿಕೆ ಕಟ್ಟಿ 'ಎಸ್' ಸೇರಿಸಿದರು. ಆ ತಪ್ಪನ್ನೇ ನಾವು ಮಕ್ಕಳಿಗೆ ಉರು ಹೊಡೆಸುತ್ತೇವೆ.

ಇದನ್ನೆಲ್ಲ ತಿದ್ದಲು ಹೊರಟವನು ಅಮೆರಿಕದ ನೋವಾ ವೆಬ್‌ಸ್ಟರ್. 1828ರಲ್ಲಿ ಅವನ ದೊಡ್ಡ ನಿಘಂಟು ಬಂತು. ಕಲರ್‌ನ 'ಯು' ಬಿಟ್ಟದ್ದನ್ನು ಅವನ ಜನ ಒಪ್ಪಿದರು. ಟಂಗ್ ಅನ್ನು 'ಟಿ, ಯು, ಎನ್, ಜಿ' ಅಂತ ಬರೆಯಿರಿ ಅಂದಾಗ ಒಪ್ಪಲಿಲ್ಲ. ಇಂಗ್ಲಿಷಿಗೆ ತೀರ್ಪು ಕೊಡುವ ಪೀಠವೇ ಇಲ್ಲ, ಬಳಸುವವರು ಒಪ್ಪಿದ್ದೇ ಸರಿ. ತೀರ್ಪು ಅಂದಾಗ ನೆನಪಾಯಿತು, ಜಡ್ಜ್‌ಮೆಂಟ್‌ನಲ್ಲಿ 'ಜಿ' ಆದ ಮೇಲೆ 'ಇ' ಹಾಕಿದರೂ ಇಂಗ್ಲೆಂಡಿನಲ್ಲಿ ನಡೆಯುತ್ತದೆ, ಆದರೆ ಕೋರ್ಟಿನ ಕಾಗದದಲ್ಲಿ 'ಇ' ಇರುವುದಿಲ್ಲ. ರಿಯಲೈಸ್‌ಗೆ 'ಜೆಡ್' ಹಾಕಿದರೆ ಅಮೆರಿಕದವರದ್ದು ಅಂತ ಮೂಗು ಮುರಿಯುವವರು ಆಕ್ಸ್‌ಫರ್ಡ್ ನಿಘಂಟು ತೆರೆದು ನೋಡಲಿ. ಅಲ್ಲಿ ಮೊದಲು ಇರುವುದೇ 'ಜೆಡ್'.

ಹಾಗಂತ ಮನಸ್ಸಿಗೆ ಬಂದ ಹಾಗೆ ಬರೆಯಬಹುದೇ? ಪರೀಕ್ಷೆಯಲ್ಲಿ ಮಾರ್ಕು ಹೋಗುತ್ತದೆ, ಅಲ್ವಾ? ಪಠ್ಯಪುಸ್ತಕದಲ್ಲಿ ಇರುವುದನ್ನೇ ಬರೆಯಲಿ. ಒಂದೇ ಉತ್ತರದಲ್ಲಿ ಕಲರ್‌ಗೆ ಒಮ್ಮೆ 'ಯು' ಹಾಕಿ ಇನ್ನೊಮ್ಮೆ ಬಿಡುವುದು ಮಾತ್ರ ಬೇಡ.

ನಮ್ಮ ಗಡಿನಾಡಿನಲ್ಲಿ ನಿಜವಾದ ತೊಂದರೆ ಬೇರೆ ಇದೆ. ಹೆಸರಿನದ್ದು. 'ಶ್ರೀ'ಯನ್ನು ಕೇರಳದ ರೂಢಿಯಲ್ಲಿ 'ಎಸ್, ಆರ್' ಆದ ಮೇಲೆ ಎರಡು 'ಇ' ಹಾಕಿ ಬರೆಯುತ್ತಾರೆ. ಮಂಗಳೂರು ಕಡೆಯವರು 'ಎಸ್, ಎಚ್, ಆರ್' ಅನ್ನುತ್ತಾರೆ. ಎರಡೂ ಸರಿಯೇ. ಆದರೆ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಆದರೆ ಪಾಸ್‌ಪೋರ್ಟಿಗೆ ಹೋದಾಗ ಅಲೆದಾಟ ಶುರು. ಮಗುವಿನ ಹೆಸರನ್ನು ಮೊದಲ ಸಲ ಇಂಗ್ಲಿಷಿನಲ್ಲಿ ಬರೆಸುವಾಗ ಬಾಯಲ್ಲಿ ಹೇಳಿ ಬರಬೇಡಿ. ಚೀಟಿಯಲ್ಲಿ ಬರೆದು ಕೊಡಿ, ಟೈಪ್ ಆದದ್ದನ್ನು ಒಂದೊಂದಕ್ಷರವಾಗಿ ಓದಿ ನೋಡಿಯೇ ಸಹಿ ಹಾಕಿ.