ಸಾಕ್ಷಿ ಹೇಳಬಹುದು, ಪ್ರಸಂಗ ಮಾಡಬಾರದು!

ನನಗೆ ಸತ್ಯವೇದ (ಬೈಬಲ್) ಓದಲು ಕಲಿಸಿದ್ದು ಸಂಡೇ ಸ್ಕೂಲ್ ಟೀಚರ್. ವಾಕ್ಯ ತಪ್ಪಿದರೆ ಮತ್ತೆ ಮೊದಲಿಂದ ಹೇಳಿಸುತ್ತಿದ್ದರು. ಎಷ್ಟೋ ವರ್ಷಗಳ ಮೇಲೆ ಒಂದು ಭಾನುವಾರ, ದೊಡ್ಡವರ ಆರಾಧನೆಯಲ್ಲಿ ಮಾತಾಡಲು ಅವರನ್ನು ಕರೆದರು. ಆದರೆ ಪುಲ್ಪಿಟ್, ಅಂದರೆ ಪ್ರಸಂಗ ಮಾಡುವ ಪೀಠ, ಹತ್ತುವಂತಿಲ್ಲ, ಮೆಟ್ಟಿಲ ಕೆಳಗೇ ನಿಲ್ಲಬೇಕು. ಆರಾಧನೆಯ ಹಾಳೆಯಲ್ಲಿ ‘ಪ್ರಸಂಗ’ (ವಾಕ್ಯದ ಉಪದೇಶ) ಅಂತ ಹಾಕಿರಲಿಲ್ಲ, ‘ಸಾಕ್ಷಿ’ (ಸ್ವಂತ ಅನುಭವದ ಮಾತು) ಅಂತ ಹಾಕಿದ್ದರು. ಒಂದು ಕೈಯಲ್ಲಿ ಸತ್ಯವೇದ, ಅದರ ಮೇಲೆ ಚೀಟಿಗಳು. ಹಾರಿಹೋಗದ ಹಾಗೆ ಹೆಬ್ಬೆರಳಿಂದ ಒತ್ತಿ ಹಿಡಿದಿದ್ದರು. ಪುಟ ತಿರುಗಿಸುವಾಗೆಲ್ಲ ಮಾತು ನಿಲ್ಲುತ್ತಿತ್ತು. ಮೇಲೆ ಪುಲ್ಪಿಟ್ ಖಾಲಿ ಇತ್ತು.

ಅವತ್ತಿಂದ ಇದು ನನ್ನನ್ನು ಕೊರೆಯುತ್ತಿದೆ.

ಹೆಂಗಸರು ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಉಪದೇಶ ಮಾಡಬಾರದು ಅನ್ನುವವರು ಸುಮ್ನೆ ಹಠಕ್ಕೆ ಹೇಳುತ್ತಾರೆ ಅಂತ ನಾನು ಅನ್ನುವುದಿಲ್ಲ. ಮೊದಲ ಕಾಲದ ಸಭೆಗಳ ಉಪದೇಶಕ ಪೌಲ ತನ್ನ ಜೊತೆಗಾರ ತಿಮೊಥೆಯನಿಗೆ ಬರೆದ ಮೊದಲ ಪತ್ರದ 2ನೇ ಅಧ್ಯಾಯ ಅವರ ಕೈಯಲ್ಲಿದೆ: ಹೆಂಗಸು ಉಪದೇಶ ಮಾಡಲು ನಾನು ಬಿಡುವುದಿಲ್ಲ ಅನ್ನುತ್ತದೆ. ಅದು ಆ ಕಾಲದ ಮಾತು ಅಂದರೆ, ಮುಂದಿನ ವಚನ ತೋರಿಸುತ್ತಾರೆ: ಮೊದಲು ಆದಾಮ, ಆಮೇಲೆ ಹವ್ವ. ಪೌಲ ಸೃಷ್ಟಿಯನ್ನೇ ಕಾರಣ ಕೊಟ್ಟಿದ್ದಾನೆ. ಗಟ್ಟಿ ವಾದವೇ.

ಆದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯ ತೆಗೆಯಿರಿ. ಹೆಂಗಸರು ತಲೆಗೆ ಮುಸುಕು ಹಾಕಬೇಕು ಅನ್ನಲೂ ಪೌಲ ಸೃಷ್ಟಿಯದೇ ಕಾರಣ ಕೊಡುತ್ತಾನೆ. ಎಷ್ಟೋ ಸಭೆಗಳು ಮುಸುಕನ್ನು ಆ ಕಾಲದ ಪದ್ಧತಿ ಅಂತ ಬಿಟ್ಟಿವೆ, ಉಪದೇಶದ ವಿಷಯ ಬಂದಾಗ ಮಾತ್ರ ಸೃಷ್ಟಿಯ ಕ್ರಮ ಅನ್ನುತ್ತವೆ. ಅದು ಹೇಗೆ? ಇನ್ನೂ ಒಂದಿದೆ. ಆ ಮುಸುಕು ಹಾಕಬೇಕಾದದ್ದು ಪ್ರಾರ್ಥಿಸುವಾಗ, ಪ್ರವಾದಿಸುವಾಗ (ದೇವರ ಮಾತನ್ನು ಜನಕ್ಕೆ ಹೇಳುವಾಗ). ಅಂದರೆ ಕೊರಿಂಥದ ಹೆಂಗಸರು ಮಾತಾಡುತ್ತಿದ್ದರು, ಅಲ್ವಾ? ಅದೇ ಪತ್ರದ 14ನೇ ಅಧ್ಯಾಯದಲ್ಲಿ ಹೆಂಗಸರು ಸಭೆಯಲ್ಲಿ ‘ಸುಮ್ಮನಿರಲಿ’ ಅನ್ನುವ ಮಾತನ್ನು ಇದರ ಜೊತೆಗೇ ಓದಬೇಕು.

ಒಂದೇ ಪುಸ್ತಕ ಓದುವವರು ಎಷ್ಟು ದೂರ ದೂರ ನಿಂತಿದ್ದಾರೆ ನೋಡಿ. 1994ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಮೊದಲ ಸಲ ಹೆಂಗಸರಿಗೆ ಗುರುದೀಕ್ಷೆ ಕೊಟ್ಟಿತು, ಅಂದರೆ ಪಾದ್ರಿಗಳನ್ನಾಗಿ ಮಾಡಿತು. ಎರಡೇ ತಿಂಗಳಲ್ಲಿ, ಹೆಂಗಸರಿಗೆ ಗುರುದೀಕ್ಷೆ ಕೊಡುವ ಅಧಿಕಾರವೇ ಸಭೆಗಿಲ್ಲ ಅಂತ ಪೋಪ್ ಎರಡನೇ ಜಾನ್ ಪಾಲ್ ಬರೆದರು.

ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯಕ್ಕೆ. ಬರೀ ವಂದನೆಗಳ ಪಟ್ಟಿ ಅಂತ ನಾವು ಹಾರಿಸಿಬಿಡುತ್ತೇವೆ. ಅದರಲ್ಲಿ 10 ಹೆಂಗಸರಿದ್ದಾರೆ. ಮೊದಲ ಹೆಸರೇ ಫೊಯಿಬೆ. ಆಕೆಗೆ ಬಳಸಿದ ಗ್ರೀಕ್ ಪದ ದಿಯಾಕೊನೊಸ್, ಅಂದರೆ ಸೇವಕ. ಪೌಲ ತನಗೂ, ಇನ್ನೊಬ್ಬ ಉಪದೇಶಕ ಅಪೊಲ್ಲೋಸನಿಗೂ ಬಳಸಿದ್ದು ಅದೇ ಪದ. ಆಮೇಲೆ ಪ್ರಿಸ್ಕಿಲ್ಲ, ಗಂಡನಿಗಿಂತ ಮೊದಲು ಆಕೆಯ ಹೆಸರು. ವಾಕ್ಚತುರನಾದ ಅಪೊಲ್ಲೋಸನನ್ನು ಮನೆಗೆ ಕರೆದು ತಿದ್ದಿದ್ದು ಇದೇ ಗಂಡ ಹೆಂಡತಿ.

ಏಳನೇ ವಚನದಲ್ಲಿ ಯೂನ್ಯ ಬರುತ್ತಾಳೆ, ‘ಅಪೊಸ್ತಲರಲ್ಲಿ ಪ್ರಸಿದ್ಧಳು’. ಅಪೊಸ್ತಲರು ಅಂದರೆ ಸುವಾರ್ತೆ ಸಾರಲು ಕ್ರಿಸ್ತನು ಕಳುಹಿಸಿದವರು. ಗ್ರೀಕ್‌ನಲ್ಲಿ ಆ ಹೆಸರಿನ ಅಕ್ಷರಗಳು ಹೆಣ್ಣಿಗೂ ಗಂಡಿಗೂ ಒಂದೇ, ಬದಲಾಗುವುದು ಮೇಲಿನ ಸ್ವರಚಿಹ್ನೆ ಮಾತ್ರ. ನಾಲ್ಕನೇ ಶತಮಾನದ ಹೆಸರಾಂತ ಪ್ರಸಂಗಿ ಜಾನ್ ಕ್ರಿಸೊಸ್ಟಮ್‌ರ ಭಾಷೆಯೇ ಗ್ರೀಕ್. ಹೆಂಗಸರ ಉಪದೇಶಕ್ಕೆ ಅವರು ಒಪ್ಪಿದವರಲ್ಲ. ಆದರೂ ಯೂನ್ಯಳನ್ನು ಹೆಣ್ಣೆಂದೇ ತಿಳಿದು, ಅಪೊಸ್ತಲಳೆಂದು ಕರೆಸಿಕೊಳ್ಳುವಷ್ಟು ಜ್ಞಾನವಂತೆ ಅಂತ ಹೊಗಳಿದರು. ಅಷ್ಟಾದರೂ 20ನೇ ಶತಮಾನದಲ್ಲಿ ಪಂಡಿತರು ಹೆಚ್ಚಾಗಿ ಬಳಸುವ ಗ್ರೀಕ್ ಮುದ್ರಣದಲ್ಲಿ ಆ ಚಿಹ್ನೆ ಬದಲಾಯಿತು, ಆಕೆ ಗಂಡಸಾದಳು. ಸರಿಯಾಗಿದ್ದು 1998ರಲ್ಲಿ. ಆಕೆ ಅಪೊಸ್ತಲರಲ್ಲಿ ಒಬ್ಬಳೋ, ಅಪೊಸ್ತಲರಿಗೆ ಚೆನ್ನಾಗಿ ಗೊತ್ತಿದ್ದವಳೋ ಅನ್ನುವ ವಾದ ಈಗಲೂ ಇದೆ, ಇರಲಿ. ಆದರೆ ಅಪೊಸ್ತಲ ಅಂದಮೇಲೆ ಗಂಡಸೇ ಇರಬೇಕು ಅಂತ ಮೊದಲೇ ತೀರ್ಮಾನಿಸಿ ಹೆಸರನ್ನೇ ತಿದ್ದಿದರಲ್ಲ, ಅದು ನನಗೆ ನೋವು ಕೊಡುತ್ತದೆ.

ಸಭಾಪಾಲಕರೇ, ನನ್ನದು ದೊಡ್ಡ ಬೇಡಿಕೆಯಲ್ಲ. ತಿಮೊಥೆಯನ ಪತ್ರ ಓದುವ ಭಾನುವಾರ ಈ ಪಟ್ಟಿಯನ್ನೂ ಓದಿಸಿ, ಒಂದು ಹೆಸರೂ ಬಿಡದೆ. ಮತ್ತೆ ನಮ್ಮ ಟೀಚರಿಗೆ ಆ ಚೀಟಿಗಳನ್ನು ಇಟ್ಟುಕೊಳ್ಳಲು ಒಂದು ಜಾಗ ಕೊಡಿ.