ಪ್ಯಾನೆಲ್ ತಾರಸಿ ಮೇಲಿರಲಿ, ಕಾರು ನೆರಳಲ್ಲಿರಲಿ

(ಮಂಡ್ಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತಿನ ಬರಹ)

ಎಲ್ಲರಿಗೂ ನಮಸ್ಕಾರ. ಭಾನುವಾರದ ಬಾಡೂಟದ ಘಮ ಬಿಟ್ಟು, ಇಂಥ ಬಿಸಿಲಿನಲ್ಲಿ ಇಷ್ಟು ಜನ ಬಂದಿದ್ದೀರಿ. ಅದಕ್ಕೇ ಮೊದಲು ಒಂದು ನಮಸ್ಕಾರ ಜಾಸ್ತಿ. ಕರಪತ್ರದಲ್ಲಿ ‘ಸೌರಶಕ್ತಿ ಚಾಲಿತ ವಾಹನಗಳು: ಒಂದು ಅವಲೋಕನ’ ಅಂತ ಹಾಕಿದ್ದಾರೆ. ಆ ಹೆಸರು ನಾನು ಕೊಟ್ಟಿದ್ದಲ್ಲ. ನಾನು ಫೋನಿನಲ್ಲಿ ಹೇಳಿದ್ದು ‘ಭಾವಮೈದನಿಗೆ ಬುದ್ಧಿ ಹೇಳುವುದು’ ಅಂತ.

ಇದೆಲ್ಲ ಶುರುವಾಗಿದ್ದೇ ಅವನಿಂದ. ಮೂರನೇ ಸಾಲಿನಲ್ಲಿ ಕೂತಿದ್ದಾನೆ. ಕೈ ಎತ್ತಬೇಡ ಕಣೋ, ಗೊತ್ತಾಯಿತು. ಅವನಿಗೆ ಎಲೆಕ್ಟ್ರಿಕ್ ಕಾರು ತಗೊಳ್ಳುವ ಆಸೆ. ಜೇಬಿನಲ್ಲಿರುವುದು ಎಂಟು ಲಕ್ಷ. ಯುಗಾದಿಗೆ ಮನೆಗೆ ಬಂದವನು, ಒಬ್ಬಟ್ಟು ತಿನ್ನುತ್ತಾ, ‘ಭಾವ, ತಗೊಂಡರೆ ತಲೆ ಮೇಲೆ ಸೋಲಾರ್ ಇರೋ ಕಾರೇ ತಗೋಬೇಕು. ಬಿಸಿಲು ಬಿಟ್ಟಿ ಅಲ್ವಾ? ಚಾರ್ಜ್ ಹಾಕೋ ತಾಪತ್ರಯವೇ ಇಲ್ಲ’ ಅಂದ. ನಾನು ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಕಲ್ ಪಾಠ ಮಾಡಿದವನು. ನನ್ನ ಮನೆಯಲ್ಲೇ ಈ ಮಾತು! ಒಬ್ಬಟ್ಟು ಗಂಟಲಲ್ಲಿ ಸಿಕ್ಕಿಕೊಂಡಿತು.

ಬಿಸಿಲು ಬಿಟ್ಟಿ, ಒಪ್ಪಿದೆ. ಅದನ್ನು ಹಿಡಿಯುವ ಜಾಗ ಬಿಟ್ಟಿ ಅಲ್ಲ. ಕಾರಿನ ತಲೆ ಮೇಲೆ ಎಷ್ಟು ಜಾಗ ಇದೆ? ಬಾಯಿಲೆಕ್ಕ ಸಾಕು, ಪೆನ್ನು ಬೇಡ. ನೆತ್ತಿ ಮೇಲೆ ಸೂರ್ಯ ಇರುವಾಗ ಒಂದು ಚದರ ಮೀಟರಿಗೆ ಬೀಳುವುದು ಹೆಚ್ಚುಕಮ್ಮಿ 1000 ವ್ಯಾಟ್. ಒಳ್ಳೆಯ ಪ್ಯಾನೆಲ್ ಅದರಲ್ಲಿ ನೂರಕ್ಕೆ 20-22 ಪಾಲು ಹಿಡಿಯುತ್ತದೆ. ಚಿಕ್ಕ ಕಾರಿನ ಮೇಲೆ ಒಂದೂವರೆ ಚದರ ಮೀಟರ್ ಸಿಕ್ಕರೆ ಪುಣ್ಯ. ಅಂದರೆ ಸುಮಾರು 300 ವ್ಯಾಟ್. ನಿಮ್ಮ ಅಡುಗೆಮನೆಯ ಮಿಕ್ಸಿ 500 ವ್ಯಾಟ್, ಇಲ್ಲವೇ 750. ಕಾರು ಎಳೆಯಲಿ ಅಂತ ಹಾಕಿದ ಪ್ಯಾನೆಲ್ ಚಟ್ನಿ ರುಬ್ಬುವುದಕ್ಕೂ ಸಾಲದು.

ನಮ್ಮ ಕಡೆ ದಿನಕ್ಕೆ ಐದು ಗಂಟೆ ಪೂರ್ತಿ ಬಿಸಿಲು ಅಂತ ಲೆಕ್ಕ ಹಿಡಿಯುತ್ತೇವೆ. 300 ವ್ಯಾಟ್ ಐದು ಗಂಟೆ ಅಂದರೆ ಒಂದೂವರೆ ಯೂನಿಟ್. ಧೂಳು, ಶಾಖ, ತಂತಿ, ಎಲ್ಲ ತಿಂದು ಉಳಿಯುವುದು ಒಂದು, ಹೆಚ್ಚೆಂದರೆ ಒಂದೂಕಾಲು. ಚಿಕ್ಕ ಎಲೆಕ್ಟ್ರಿಕ್ ಕಾರು ಯೂನಿಟ್ಟಿಗೆ ಎಂಟು ಕಿಲೋಮೀಟರ್ ಓಡುತ್ತದೆ. ಅಲ್ಲಿಗೆ ದಿನಕ್ಕೆ ಹತ್ತು ಕಿಲೋಮೀಟರ್. ಕಾಮೆಟ್ ಅನ್ನೋ ಪುಟ್ಟ ಎಲೆಕ್ಟ್ರಿಕ್ ಕಾರಿನ ಬ್ಯಾಟರಿ 17.3 ಯೂನಿಟ್. ಖಾಲಿಯಾದದ್ದನ್ನು ಈ ಪ್ಯಾನೆಲ್ಲಿನಿಂದಲೇ ತುಂಬಿಸುತ್ತೇನೆ ಅಂದರೆ ಎರಡು ವಾರ ಕಾರನ್ನು ಮುಟ್ಟಬಾರದು. ದುಡ್ಡಿನ ಲೆಕ್ಕ ಇನ್ನೂ ಸುಲಭ. ಯೂನಿಟ್ಟಿಗೆ ಆರು ರೂಪಾಯಿ ಆಸುಪಾಸು ಅಂದರೆ ದಿನದ ಉಳಿತಾಯ ಏಳು ರೂಪಾಯಿ. ಟೀ ಕೂಡ ಬರಲ್ಲ.

ಈಗ ಸ್ವಲ್ಪ ನಮ್ಮ ಜಿಲ್ಲೆಯ ಕಡೆ ಬರೋಣ. ಶಿವನಸಮುದ್ರ. 1902. ನೀರು ಬೀಳುವುದು ನಮ್ಮ ಮಳವಳ್ಳಿ ತಾಲ್ಲೂಕಿನಲ್ಲಿ. ಕರೆಂಟು ಬೇಕಾಗಿದ್ದು ಕೋಲಾರದ ಚಿನ್ನದ ಗಣಿಗೆ. ನಡುವೆ 92 ಮೈಲಿ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಕೈಗೆ ತಗೊಂಡ ಕೆಲಸ ಅದು. ಆಗ ಯಾರೂ ‘ಜಲಪಾತವನ್ನೇ ಕೋಲಾರಕ್ಕೆ ಹೊತ್ತುಕೊಂಡು ಹೋಗೋಣ’ ಅನ್ನಲಿಲ್ಲ. ನೀರು ಎಲ್ಲಿ ಚೆನ್ನಾಗಿ ಬೀಳುತ್ತದೋ ಅಲ್ಲಿ ಯಂತ್ರ ಇಟ್ಟರು. ಎಲ್ಲಿ ಬೇಕೋ ಅಲ್ಲಿಗೆ ತಂತಿ ಎಳೆದರು. ಈಗ ಹೇಳಿ. ಬಿಸಿಲು ಚೆನ್ನಾಗಿ ಬೀಳುವ ತಾರಸಿ ಮನೆ ಮೇಲಿದೆ. ಕಾರು ಕೆಳಗಿದೆ. ನಡುವೆ 92 ಮೈಲಿ ಇಲ್ಲ, ಮೂವತ್ತು ಅಡಿ ಇದೆ. ನಾವು ಜಲಪಾತವನ್ನು ತಲೆ ಮೇಲೆ ಹೊರುತ್ತೇವೆ ಅಂತ ಕೂತಿದ್ದೇವೆ.

ಬರೀ ಬಾಯಿಲೆಕ್ಕ ಹೇಳಿದರೆ ಭಾವಮೈದ ಕೇಳುವ ಪೈಕಿ ಅಲ್ಲ. ‘ಮಾಡಿ ತೋರಿಸಿ’ ಅಂದ. ಸರಿ, ಮಾಡಿದೆ. ನನ್ನ ಹತ್ತಿರ ಒಂದು ಹಳೇ ಎಲೆಕ್ಟ್ರಿಕ್ ಕಾರಿದೆ, ಸೆಕೆಂಡ್ ಹ್ಯಾಂಡ್. ಒಂದು 330 ವ್ಯಾಟಿನ ಪ್ಯಾನೆಲ್ ತಂದೆ. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ಇಪ್ಪತ್ತೆರಡು ಕೆಜಿ. ಕ್ಯಾರಿಯರ್ ಮೇಲೆ ಮಲಗಿಸಿ ನೈಲಾನ್ ಹಗ್ಗದಲ್ಲಿ ಬಿಗಿದೆ. ಕಾರಿನ ಬ್ಯಾಟರಿಗೆ ನೇರ ಕೊಡಲಾಗದು, ಅದಕ್ಕೆ ಡಿಕ್ಕಿಯಲ್ಲಿ ಬೇರೆ ಬ್ಯಾಟರಿ ಇಟ್ಟು, ಒಂದು ಮೀಟರ್ ಕೂರಿಸಿ, ಎಷ್ಟು ಯೂನಿಟ್ ಬಂತು ಅಂತ ಬರೆದುಕೊಳ್ಳುವುದು. ಹೆಂಡತಿ ಹಾಲಿನ ಲೆಕ್ಕ ಬರೆಯುತ್ತಿದ್ದ ಪುಸ್ತಕದ ಹಿಂದಿನ ಪುಟಗಳಲ್ಲೇ ಬರೆದೆ.

ಮೊದಲ ದಿನ ಮೈಸೂರಿಗೆ ಹೊರಟೆ, ಕುವೆಂಪುನಗರದಲ್ಲಿ ಮಗಳ ಮನೆ. ಪಾಂಡವಪುರದ ತಿರುವು ದಾಟುವಷ್ಟರಲ್ಲಿ ತಲೆ ಮೇಲೆ ‘ಊಂ’ ಅಂತ ಶಬ್ದ ಶುರು. ನೂರು ಜೇನುಹುಳ ಬಂದ ಹಾಗೆ. ಶ್ರೀರಂಗಪಟ್ಟಣದ ಹತ್ತಿರ ಪೊಲೀಸಿನವರು ಕೈ ಅಡ್ಡ ಹಿಡಿದರು. ಇಳಿದೆ. ‘ಏನ್ ಸಾರ್, ಮಂಚ ಸಾಗಿಸ್ತಾ ಇದ್ದೀರಾ?’ ಅಂದರು. ಸೋಲಾರ್ ಅಂದೆ. ಅವರು ಪ್ಯಾನೆಲ್ಲನ್ನು ಬೆರಳಿನಲ್ಲಿ ತಟ್ಟಿ ನೋಡಿದರು. ‘ಇದರಲ್ಲೇ ಓಡ್ತಾ ಇದೆಯಾ?’ ಅಂದರು. ಇಲ್ಲ ಅಂದೆ. ‘ಮತ್ತೆ ಯಾಕೆ?’ ಮೂವತ್ತು ವರ್ಷ ಪಾಠ ಮಾಡಿದವನಿಗೆ ಆ ಎರಡು ಪದದ ಪ್ರಶ್ನೆಗೆ ರಸ್ತೆ ಬದಿಯಲ್ಲಿ ಉತ್ತರ ಹೊಳೆಯಲಿಲ್ಲ. ಹಗ್ಗ ಇನ್ನೊಂದು ಸುತ್ತು ಬಿಗಿಯಿರಿ ಅಂತ ಹೇಳಿ ಬಿಟ್ಟರು.

ಮಗಳ ಮನೆ ಮುಟ್ಟಿ ಮೀಟರ್ ನೋಡಿದೆ. ದಾರಿಯಲ್ಲಿ ಪ್ಯಾನೆಲ್ ದುಡಿದದ್ದು ಕಾಲು ಯೂನಿಟ್ಟಿಗೂ ಕಮ್ಮಿ. ಇನ್ನು ಕಾರಿನ ಕಡೆ ನೋಡಿದರೆ, ದಿನಾ ಐದು ಯೂನಿಟ್ ತಗೊಳ್ಳುತ್ತಿದ್ದ ದಾರಿಗೆ ಆರು ಚಿಲ್ಲರೆ ತಗೊಂಡಿತ್ತು. ಗಾಳಿಗೆ ಎದೆ ಕೊಟ್ಟು ನಿಂತ ಹಲಗೆ ಅದು, ತಿನ್ನದೆ ಇರುತ್ತಾ? ಕಾಲು ದುಡಿದು ಒಂದು ತಿಂದಿತು. ಕೆಲವರ ಮನೆಯಲ್ಲಿ ಇಂಥ ಗಂಡುಮಕ್ಕಳು ಇರುತ್ತಾರೆ. (ಭಾವಮೈದನನ್ನು ನೋಡಿ ನಗಬೇಡಿ.)

ನ್ಯಾಯವಾಗಿ ಹೇಳಬೇಕು. ಕಂಪನಿಯವರು ಹೀಗೆ ಹಗ್ಗ ಕಟ್ಟುವುದಿಲ್ಲ, ಮೇಲ್ಛಾವಣಿಗೇ ಅಂಟಿಸುತ್ತಾರೆ, ಗಾಳಿಯ ತಕರಾರು ಇರಲ್ಲ. ಹಾಗಾಗಿ ಆಮೇಲೆ ಕಾರು ಓಡಿಸದೆ, ಮನೆ ಮುಂದೆ ನಿಲ್ಲಿಸಿ ಲೆಕ್ಕ ಬರೆದೆ. ಮಾರ್ಚಿನ ಒಳ್ಳೇ ದಿನ 1.3 ಯೂನಿಟ್. ಹೊಂಗೆ ಮರದ ಕೆಳಗೆ ನಿಲ್ಲಿಸಿದ ದಿನ 0.2. ಆಷಾಢದ ಮೋಡದಲ್ಲಿ 0.4. ಪಕ್ಕದ ಊರಿನ ಆಲೆಮನೆಯ ಒಲೆ ಹೊತ್ತಿಕೊಂಡ ವಾರ, ಬೆಳಿಗ್ಗೆ ಎದ್ದರೆ ಪ್ಯಾನೆಲ್ ಮೇಲೆ ಕರಿ ಬೂದಿ. ಒರೆಸಿದ ದಿನ ಒಂದು ಲೆಕ್ಕ, ಒರೆಸದ ದಿನ ಇನ್ನೊಂದು.

ಒಂದು ದಿನ ಮಾತ್ರ ವಿಚಿತ್ರ ಆಯಿತು. ಬೆಂಕಿಯಂಥ ಬಿಸಿಲು. ಮೀಟರ್ ನೋಡಿದರೆ ಬರಬೇಕಾದ್ದರಲ್ಲಿ ಕಾಲು ಭಾಗವೂ ಇಲ್ಲ. ತಂತಿ ನೋಡಿದೆ, ಫ್ಯೂಸ್ ನೋಡಿದೆ, ಕಂಟ್ರೋಲರ್ ಬಿಚ್ಚಿ ಜೋಡಿಸಿದೆ. ಮಧ್ಯಾಹ್ನ ಮೂರಾಯಿತು. ಕೊನೆಗೆ ಸ್ಟೂಲ್ ಹಾಕಿಕೊಂಡು ಮೇಲೆ ಹತ್ತಿ ನೋಡುತ್ತೇನೆ: ಪ್ಯಾನೆಲ್ಲಿನ ಮುಕ್ಕಾಲು ಭಾಗ ಹಳೇ ಪಂಚೆ ಹಾಸಿದೆ. ಅದರ ಮೇಲೆ ಸಾಲಾಗಿ ಅಕ್ಕಿ ಸಂಡಿಗೆ. ಪಕ್ಕದ ಮನೆಯ ಅಮ್ಮ ಓಡಿ ಬಂದರು. ‘ಸಾರ್, ಗಾಜು ಚೆನ್ನಾಗಿ ಕಾದಿತ್ತು, ಬೇಗ ಒಣಗತ್ತೆ ಅಂತ ಸುಮ್ನೆ ಹಾಕಿದೆ’ ಅಂದರು. ನಿಜಕ್ಕೂ ಸಂಡಿಗೆ ಒಂದೇ ದಿನಕ್ಕೆ ಗರಿಗರಿಯಾಗಿ ಒಣಗಿತ್ತು. ಆ ಪ್ಯಾನೆಲ್ ಅಷ್ಟು ದಿನದಲ್ಲಿ ಮಾಡಿದ ಒಳ್ಳೇ ಕೆಲಸ ಅದೊಂದೇ ಅಂತ ನನ್ನವಳ ತೀರ್ಪು.

ನಗುವಿನ ಹಿಂದೆ ಪಾಠ ಇದೆ. ಮುಕ್ಕಾಲು ಮುಚ್ಚಿದ್ದಕ್ಕೆ ಕಾಲು ಭಾಗವಾದರೂ ಬರಬೇಕಿತ್ತು ಅಲ್ವಾ? ಅದೂ ಬರಲಿಲ್ಲ. ಪ್ಯಾನೆಲ್ಲಿನೊಳಗೆ ಬಿಲ್ಲೆಗಳು ಒಂದರ ಹಿಂದೆ ಒಂದು ಪೋಣಿಸಿರುತ್ತವೆ. ಗದ್ದೆಗೆ ನೀರು ಬಿಡುವ ಪೈಪನ್ನು ಒಂದು ಕಡೆ ತುಳಿದರೆ ಪೂರ್ತಿ ಪೈಪಿನಲ್ಲೇ ನೀರು ನಿಲ್ಲುವುದಿಲ್ಲವೇ, ಹಾಗೆ. ಒಂದು ಬಿಲ್ಲೆ ಮೇಲೆ ನೆರಳು ಬಿದ್ದರೂ ಆ ಸಾಲು ಸೊರಗುತ್ತದೆ. ಡಯೋಡ್ ಅನ್ನೋ ಪುಟ್ಟ ಬಿಡಿಭಾಗ ಹಾಕಿ ಕರೆಂಟಿಗೆ ಬಳಸುದಾರಿ ಕೊಡುತ್ತಾರೆ, ಆದರೂ ಮೂರರಲ್ಲಿ ಒಂದು ಪಾಲು ಹೋಯಿತು ಅಂತಲೇ ಲೆಕ್ಕ. ತಾರಸಿ ಮೇಲೆ ನೆರಳಿಲ್ಲದ ಜಾಗ ಆರಿಸಬಹುದು. ಕಾರಿಗೆ? ಲೈಟ್ ಕಂಬ, ತೆಂಗಿನ ಗರಿ, ಎದುರು ಮನೆಯ ಫ್ಲೆಕ್ಸು, ಕಾಗೆ. ಕಾಗೆಗೆ ಯಾವ ಡಯೋಡೂ ಇಲ್ಲ.

ಇನ್ನೊಂದು ಸಂಕಟ. ಏಪ್ರಿಲಿನಲ್ಲಿ ಒಂದು ಮದುವೆ. ಛತ್ರದ ಮುಂದೆ ಎಲ್ಲರೂ ನೆರಳಿಗೆ ಕಾದಾಡುತ್ತಿದ್ದಾರೆ. ನಾನೊಬ್ಬ ಬಿಸಿಲು ಹುಡುಕಿ ನಿಲ್ಲಿಸುತ್ತಿದ್ದೇನೆ. ‘ಮೇಷ್ಟ್ರಿಗೆ ರಿಟೈರ್ ಆದಮೇಲೆ...’ ಅಂತ ಯಾರೋ ಅಂದಿದ್ದೂ ಕೇಳಿಸಿತು. ಊಟ ಮುಗಿಸಿ ಬಂದರೆ ಸ್ಟೀರಿಂಗ್ ಹೆಂಚು. ಸೀಟಿಗೆ ಒದ್ದೆ ಟವೆಲ್ ಹಾಸಿ ಕೂತೆ. ಎಸಿ ಪೂರ್ತಿ ಬಿಟ್ಟೆ. ಕಾದ ಕಾರಿನ ಎಸಿ ಒಂದು, ಒಂದೂವರೆ ಕಿಲೋವ್ಯಾಟ್ ಎಳೆಯುತ್ತದೆ. ಮೂರು ಗಂಟೆ ಬಿಸಿಲಲ್ಲಿ ದುಡಿದದ್ದರ ಅರ್ಧ ಭಾಗ ಇಪ್ಪತ್ತೇ ನಿಮಿಷದಲ್ಲಿ ತಂಗಾಳಿಯಾಗಿ ಹೋಯಿತು. ಲಿಥಿಯಂ ಬ್ಯಾಟರಿಗೂ ಬಿಸಿ ಆಗಿಬರುವುದಿಲ್ಲ, ಬೇಗ ಮುಪ್ಪಾಗುತ್ತದೆ. ಪ್ಯಾನೆಲ್ಲಿಗೂ ಬಿಸಿ ಆಗಿಬರಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೆ ಬೇಕಾಗಿದ್ದು ಬೆಳಕು. ಪ್ಯಾನೆಲ್ಲಿನ ಬಿಸಿ 25 ಡಿಗ್ರಿ ದಾಟಿದ ಮೇಲೆ, ಪ್ರತಿ ಡಿಗ್ರಿಗೂ ಅದು ಕೊಡುವ ಕರೆಂಟು ನೂರಕ್ಕೆ ಅರೆಪಾಲಿಗಿಂತ ಸ್ವಲ್ಪ ಕಮ್ಮಿಯಷ್ಟು ಇಳಿಯುತ್ತದೆ. ಕಾರಿನ ತಗಡಿಗೆ ಅಂಟಿದ ಪ್ಯಾನೆಲ್ಲಿಗೆ ಕೆಳಗಿನಿಂದ ಗಾಳಿಯೂ ಇಲ್ಲ.

ಹಾಗಾದರೆ ಏನು ಮಾಡಬೇಕು? ಮತ್ತೆ ಶಿವನಸಮುದ್ರ. ತಾರಸಿ ಮೇಲೆ ಒಂದು ಕಿಲೋವ್ಯಾಟ್ ಹಾಕಿ. ನಮ್ಮ ಕಡೆ ದಿನಕ್ಕೆ ನಾಲ್ಕು ಯೂನಿಟ್ ಬರುತ್ತದೆ, ತಿಂಗಳಿಗೆ 120. ಅದು ಚಿಕ್ಕ ಕಾರಿನಲ್ಲಿ ಹತ್ತಿರ ಹತ್ತಿರ ಸಾವಿರ ಕಿಲೋಮೀಟರ್. 2024ರ ಫೆಬ್ರವರಿಯಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟಿಗೆ 30,000, ಎರಡಕ್ಕೆ 60,000, ಮೂರು ಮತ್ತು ಮೇಲಕ್ಕೆ 78,000 ರೂಪಾಯಿ ಸಬ್ಸಿಡಿ. ಕಾರಿನ ತಲೆ ಮೇಲಿನದಕ್ಕೆ ಅದರಲ್ಲಿ ಒಂದು ಪೈಸೆ ಇಲ್ಲ. ‘ಹಗಲು ಕಾರು ಆಫೀಸಿನಲ್ಲಿ, ಚಾರ್ಜ್ ಹಾಕುವುದು ರಾತ್ರಿ, ಹೇಗೆ?’ ಅಂತ ಹಿಂದಿನಿಂದ ಯಾರೋ ಕೇಳಿದರು. ಕನ್ನಂಬಾಡಿ ಕಟ್ಟೆ ಯಾಕಿದೆ ಸ್ವಾಮಿ? ಮಳೆಗಾಲದ ನೀರು ಬೇಸಿಗೆಗೆ ಕೊಡುವುದಿಲ್ಲವೇ? ನೆಟ್ ಮೀಟರಿಂಗ್ ಅಂದರೆ ಅದೇ. ಹಗಲು ನಮ್ಮ ಕರೆಂಟ್ ಕಂಪನಿ ಸೆಸ್ಕ್‌ನ ಲೈನಿಗೆ ಹಾಕಿ, ರಾತ್ರಿ ವಾಪಸ್ ತಗೊಳ್ಳಿ. ಗೃಹಜ್ಯೋತಿ ಇರುವಾಗ ಯಾಕೆ ಅಂತಲೂ ಕೇಳುತ್ತೀರಿ. ಕಾರಿಗೆ ಚಾರ್ಜ್ ಹಾಕಲು ಶುರು ಮಾಡಿ, ತಿಂಗಳಿಗೆ 200 ಯೂನಿಟ್ ದಾಟಿದ ದಿನ ಪೂರ್ತಿ ಬಿಲ್ ಮನೆಗೆ ಬರುತ್ತದೆ. ಆಗ ಗೊತ್ತಾಗುತ್ತದೆ.

ಒಬ್ಬರ ಹೆಸರು ಹೇಳಲೇಬೇಕು. 2001ರಲ್ಲಿ ಬೆಂಗಳೂರಿನಿಂದ ರೇವಾ ಅನ್ನೋ ಪುಟ್ಟ ಎಲೆಕ್ಟ್ರಿಕ್ ಕಾರು ಬಂತು, ನೆನಪಿದೆಯಾ? ಅದನ್ನು ತಂದ ಚೇತನ್ ಮೈನಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಸೋಲಾರ್ ಕಾರು ಕಟ್ಟಿದ ತಂಡದಲ್ಲಿದ್ದವರು. 1990ರಲ್ಲಿ ಆ ಕಾರು ಆಸ್ಟ್ರೇಲಿಯಾದ ರೇಸಿನಲ್ಲಿ ಮೂರನೆಯದಾಗಿ ಬಂತು. ಸೋಲಾರ್ ಕಾರಿನ ಒಳಹೊರಗೆಲ್ಲ ಗೊತ್ತಿದ್ದ ಮನುಷ್ಯ. ಊರಿಗೆ ಬಂದು ಜನ ಓಡಿಸುವ ಕಾರು ಮಾಡಿದಾಗ ತಲೆ ಮೇಲೆ ಪ್ಯಾನೆಲ್ ಇಡಲಿಲ್ಲ. ಪ್ಲಗ್ ಕೊಟ್ಟರು.

ಚೀಟಿ ಬಂತು. ಹತ್ತು ನಿಮಿಷ ಅಂತ ಬರೆದಿದ್ದಾರೆ, ಕೆಳಗೆ ಗೀಟು ಹಾಕಿದ್ದಾರೆ. ಹೊರದೇಶದ್ದು ಬೇಗ ಹೇಳುತ್ತೇನೆ. ನೆದರ್ಲೆಂಡ್ಸಿನ ಲೈಟ್‌ಇಯರ್, ಐದು ಚದರ ಮೀಟರ್ ಪ್ಯಾನೆಲ್ಲಿನ ಕಾರು ಮಾಡಿದ ಕಂಪನಿ, ಬಿಸಿಲಿನಿಂದ ದಿನಕ್ಕೆ 70 ಕಿಲೋಮೀಟರ್ ತನಕ ಅಂದರು. ಬೆಲೆ ಎರಡೂವರೆ ಲಕ್ಷ, ರೂಪಾಯಿ ಅಲ್ಲ, ಯೂರೋ. 2023ರ ಜನವರಿಯಲ್ಲಿ ಕಾರು ಮಾಡುವುದು ನಿಂತಿತು. ಅಗ್ಗದಲ್ಲಿ ಕೊಡುತ್ತೇವೆ ಅಂದ ಜರ್ಮನಿಯ ಸೋನೋ ಕಂಪನಿ ಮುಂದಿನ ತಿಂಗಳೇ ತನ್ನ ಸೋಲಾರ್ ಕಾರು ಕೈ ಬಿಟ್ಟಿತು. ದುಬಾರಿಯದೂ ನಿಲ್ಲಲಿಲ್ಲ, ಅಗ್ಗದ್ದೂ ನಿಲ್ಲಲಿಲ್ಲ.

ನಮ್ಮಲ್ಲಿ ಪುಣೆಯ ವೇವ್ ಕಂಪನಿಯ ಇವಾ ಬಂತು, 2025ರ ಜನವರಿಯಲ್ಲಿ. ಬ್ಯಾಟರಿ ಬಾಡಿಗೆಗೆ ತಗೊಂಡರೆ 3.25 ಲಕ್ಷದಿಂದ ಅಂದರು. ಪುಟ್ಟ ಕಾರು. ಸೋಲಾರಿನಿಂದ ವರ್ಷಕ್ಕೆ 3000 ಕಿಲೋಮೀಟರ್ ತನಕ ಅಂತ ಅವರೇ ಹೇಳುತ್ತಾರೆ. ಭಾಗಿಸಿ ನೋಡಿ, ದಿನಕ್ಕೆ ಎಂಟು. ನನ್ನ ಹಾಲಿನ ಪುಸ್ತಕದ ಲೆಕ್ಕಕ್ಕೆ ಹತ್ತಿರವೇ ಇದೆ, ಹಾಗಾಗಿ ನಂಬಬಹುದು. ಅವರ ಕಾರಿಗೂ ಪ್ಲಗ್ ಇದ್ದೇ ಇದೆ. ಸಾರು ಪ್ಲಗ್ಗಿನದು, ಸೋಲಾರ್ ಒಗ್ಗರಣೆ. ಒಗ್ಗರಣೆ ಬೇಡ ಅಂತ ನಾನು ಹೇಳುವುದಿಲ್ಲ. ಅದನ್ನೇ ಊಟ ಅಂದುಕೊಳ್ಳುವವರ ಮೇಲೆ ನನ್ನ ಸಿಟ್ಟು.

ಮಗಳು ಫೋನಿನಲ್ಲಿ ನನ್ನ ಬಾಯಿ ಮುಚ್ಚಿಸಿದ ಮಾತೂ ಹೇಳಿಬಿಡುತ್ತೇನೆ. ‘ಅಪ್ಪ, ತಾರಸಿ ಯಾರದ್ದು? ನಾನು ಬಾಡಿಗೆ ಮನೆಯಲ್ಲಿದ್ದೀನಿ. ಓನರ್ ಒಂದು ಪ್ಲಗ್ ಪಾಯಿಂಟೂ ಕೊಡಲ್ಲ. ನನ್ನ ಆಫೀಸು ನಾಲ್ಕು ಕಿಲೋಮೀಟರ್’ ಅಂದಳು. ಹೋಗಿ ಬರಲು ಎಂಟು. ಅವಳ ಮಟ್ಟಿಗೆ ಲೆಕ್ಕ ಸರಿ ಹೋಗುತ್ತದೆ, ನಿಲ್ಲಿಸುವ ಕಡೆ ದಿನವಿಡೀ ಬಿಸಿಲಿದ್ದರೆ. ಮದ್ದೂರಿನಲ್ಲಿ ಎಳನೀರು ತುಂಬಿಕೊಂಡು ನಿಧಾನಕ್ಕೆ ಓಡುವ ಎಲೆಕ್ಟ್ರಿಕ್ ಆಟೋ ಮೇಲೆ ಚಪ್ಪರದ ಹಾಗೆ ಪ್ಯಾನೆಲ್ ಹಾಕಿದರೆ ಅದಕ್ಕೂ ಅರ್ಥ ಇದೆ. ವೇಗ ಇಲ್ಲ, ಹಗಲೆಲ್ಲ ಬಿಸಿಲಲ್ಲೇ ಇರುತ್ತದೆ. ಮೈಸೂರು ಮೃಗಾಲಯದ ಬ್ಯಾಟರಿ ಗಾಡಿಗಳಿಗೂ ಹಾಕಬಹುದು ಅನ್ನೋಣ ಅಂದುಕೊಂಡಿದ್ದೆ. ಅಲ್ಲಿ ಮರ ಜಾಸ್ತಿ.

ಪ್ಯಾನೆಲ್ಲಿನ ನಲವತ್ತು ವೋಲ್ಟನ್ನು ಕಾರಿನ ನೂರಾರು ವೋಲ್ಟಿಗೆ ಏರಿಸುವುದು, ಆಗ ಎಚ್ಚರವಾಗುವ ಕಂಪ್ಯೂಟರುಗಳು ತಿನ್ನುವ ಕರೆಂಟು, ಆಕ್ಸಿಡೆಂಟ್ ಆದರೆ ಗಾಜು ಬದಲಿಸುವ ಖರ್ಚು, ಇವು ಮೂರು ಪುಟ ಇದ್ದವು. ಎರಡನೇ ಚೀಟಿಯೂ ಬಂತು, ಬಿಡುತ್ತೇನೆ.

ಭಾವಮೈದ ಹೋದ ವಾರ ಪ್ಲಗ್ಗಿನ ಕಾರೇ ಬುಕ್ ಮಾಡಿದ್ದಾನೆ. ನನ್ನ ಪ್ಯಾನೆಲ್ ಈಗ ತಾರಸಿ ಮೇಲಿದೆ, ಕಾರು ಆಚೆ ಬೇವಿನ ಮರದ ಕೆಳಗೆ ನಿಂತಿದೆ. ಹಾಲಿನ ಪುಸ್ತಕ ಇಲ್ಲೇ ತಂದಿದ್ದೇನೆ. ಕಾಫಿ ಕುಡಿಯುವಾಗ ಅಂಕಿಗಳನ್ನು ಯಾರು ಬೇಕಾದರೂ ನೋಡಬಹುದು. ಮಧ್ಯದ ಒಂದು ಪುಟದಲ್ಲಿ ಎಣ್ಣೆ ಕಲೆ ಇದೆ. ಅವತ್ತು ಪಕ್ಕದ ಮನೆಯ ಅಮ್ಮ ಸಂಡಿಗೆ ಕರಿದು ಕಳಿಸಿದ್ದರು.