ಒಂದೇ ಊರಿಗೆ ಎರಡು ಚುನಾವಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ಎಸ್ಟೋನಿಯಾದ ಆಗ್ನೇಯ ಮೂಲೆಯಲ್ಲಿ, ರಷ್ಯಾದ ಗಡಿಗೆ ಅಂಟಿಕೊಂಡು, ಸೆಟೊಮಾ ಅನ್ನುವ ಗ್ರಾಮೀಣ ಪಂಚಾಯ್ತಿ ಇದೆ. ಹಳ್ಳಿಗಳು ನೂರಕ್ಕೂ ಜಾಸ್ತಿ. ಜನ ಮಾತ್ರ ಮೂರು ಸಾವಿರದ ಆಸುಪಾಸು. ಎಷ್ಟೋ ಹಳ್ಳಿಗಳಲ್ಲಿ ನಾಲ್ಕಾರು ಮನೆ, ಅಷ್ಟೇ.

ಇಷ್ಟು ಜನಕ್ಕೆ ಬೇರೆ ಪಂಚಾಯ್ತಿ ಯಾಕೆ ಬೇಕು, ಅಲ್ವಾ? 2017ರಲ್ಲಿ ಎಸ್ಟೋನಿಯಾ ತನ್ನ 213 ಸ್ಥಳೀಯ ಸಂಸ್ಥೆಗಳನ್ನು ಸೇರಿಸಿ 79ಕ್ಕೆ ಇಳಿಸಿತು. ಒಂದೊಂದರಲ್ಲೂ ಕನಿಷ್ಠ 5,000 ಜನ ಇರಬೇಕು ಅಂತ ನಿಯಮ. ಇಲ್ಲಿನ ಸೆಟೊ ಅನ್ನುವ ಸಣ್ಣ ಸಮುದಾಯದ ಜನ ಆಗ ಎರಡು ಜಿಲ್ಲೆಗಳ ನಾಲ್ಕು ಪಂಚಾಯ್ತಿಗಳಲ್ಲಿ ಹಂಚಿಹೋಗಿದ್ದರು. ಸುಮ್ಮನಿದ್ದಿದ್ದರೆ ಪಕ್ಕದ ದೊಡ್ಡ ಊರುಗಳಲ್ಲಿ ಕರಗಿಹೋಗುತ್ತಿದ್ದರು. ಅವರ ಮಾತು, ಹಾಡು, ಆರ್ಥೊಡಾಕ್ಸ್ ಕ್ರೈಸ್ತ ಪಂಥ ಎಲ್ಲ ಬೇರೆಯದೇ. ಹಾಗಾಗಿ ಕಾನೂನಿನಲ್ಲೇ ವಿನಾಯಿತಿ ಸಿಕ್ಕಿತು. ಚೂರುಗಳೆಲ್ಲ ಕೂಡಿ ಒಂದಾದವು. ಕಚೇರಿ ವ್ಯಾರ್ಸ್ಕಾ ಊರಿನಲ್ಲಿ. ಎಸ್ಟೋನಿಯಾದವರಿಗೆ ಆ ಹೆಸರು ಕೇಳಿದರೆ ಮೊದಲು ನೆನಪಾಗುವುದು ಮಿನರಲ್ ವಾಟರ್ ಬಾಟಲಿ!

ಹೀಗೆ ಒಂದಾದರೂ ಎಲ್ಲರೂ ಸಿಗಲಿಲ್ಲ. ಸೆಟೊಗಳ ಹಳೇ ಪೇಟೆ ಪೆಚೊರಿ 1944ರಲ್ಲಿ ರಷ್ಯಾದ ಪಾಲಾಯಿತು. ಅದು ಈಗಲೂ ಗಡಿಯ ಆಚೆಗೇ ಇದೆ. ವ್ಯಾರ್ಸ್ಕಾದಿಂದ ಸಾತ್ಸೆ ಹಳ್ಳಿಗೆ ಹೋಗುವ ದಾರಿಯಂತೂ ಸುಮಾರು ಒಂದು ಕಿಲೋಮೀಟರ್ ರಷ್ಯಾದ ನೆಲದ ಮೇಲೇ ಸಾಗುತ್ತಿತ್ತು. ಕಾರಿನಲ್ಲಿ ಹೋಗಬಹುದು, ನಿಲ್ಲಿಸುವಂತಿಲ್ಲ, ನಡೆಯುವಂತಿಲ್ಲ. 2025ರ ಅಕ್ಟೋಬರ್‌ನಲ್ಲಿ ಅಲ್ಲಿ ರಷ್ಯಾದ ಸೈನಿಕರು ಗುಂಪಾಗಿ ಕಾಣಿಸಿಕೊಂಡ ಮೇಲೆ ಎಸ್ಟೋನಿಯಾ ಆ ದಾರಿಯನ್ನೇ ಮುಚ್ಚಿತು.

ಈಗ ಚುನಾವಣೆಯ ವಿಷಯಕ್ಕೆ ಬರೋಣ. ಪಂಚಾಯ್ತಿ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಅಕ್ಟೋಬರ್ ತಿಂಗಳಲ್ಲಿ. ಓಟು ಹಾಕುವ ವಯಸ್ಸು ಹದಿನಾರು. 2005ರಿಂದ ಇಂಟರ್ನೆಟ್‌ನಲ್ಲೂ ಹಾಕಬಹುದು. ಒಲೆ ಮುಂದೆ ಕೂತಲ್ಲೇ ಕೆಲಸ ಮುಗಿಯುತ್ತದೆ. ಗೆದ್ದ ಸದಸ್ಯರು ಪಂಚಾಯ್ತಿಯ ಮುಖ್ಯಸ್ಥರನ್ನು ಆರಿಸುತ್ತಾರೆ. ಶಾಲೆ, ರಸ್ತೆ, ಗ್ರಂಥಾಲಯ, ವಯಸ್ಸಾದವರ ಆರೈಕೆ ಎಲ್ಲ ಇವರ ತಲೆಮೇಲೆ. ಊರಿನಲ್ಲಿ ಹೆಸರು ನೋಂದಾಯಿಸಿದವರ ಆದಾಯ ತೆರಿಗೆಯಲ್ಲಿ ಒಂದು ಪಾಲು ಪಂಚಾಯ್ತಿಗೆ ಬರುತ್ತದೆ. ಒಂದು ಮನೆಯವರು ರಾಜಧಾನಿ ತಾಲ್ಲಿನ್‌ಗೆ ಹೋಗಿ ಹೆಸರು ಬದಲಾಯಿಸಿಕೊಂಡರೆ ಇಲ್ಲಿ ದುಡ್ಡೂ ಕಡಿಮೆ.

ನನಗೆ ಜಾಸ್ತಿ ಇಷ್ಟವಾಗುವುದು ಎರಡನೇ ಚುನಾವಣೆ. 1994ರಿಂದ ಆಗಸ್ಟ್‌ನಲ್ಲಿ ಒಂದು ದಿನ ಸೆಟೊಮಾ ‘ರಾಜ್ಯ’ವಾಗುತ್ತದೆ. ರಾಜ ಪೆಕೊ ಗುಹೆಯಲ್ಲಿ ಮಲಗಿದ್ದಾನೆ ಅನ್ನುವುದು ನಂಬಿಕೆ. ಅವನ ಪರವಾಗಿ ಆಳುವ ಪ್ರತಿನಿಧಿಗೆ ಯುಲೆಮ್‌ಸೋತ್ಸ್ಕಾ ಅಂತಾರೆ. ಅಭ್ಯರ್ಥಿಗಳು ಮರದ ಬೊಡ್ಡೆ ಹತ್ತಿ ನಿಲ್ಲುತ್ತಾರೆ. ಓಟು ಹಾಕುವವರು ತಮಗೆ ಬೇಕಾದವರ ಹಿಂದೆ ಸಾಲಾಗಿ ನಿಲ್ಲಬೇಕು. ಉದ್ದದ ಸಾಲಿನವರು ಗೆದ್ದಂತೆ. ಇಲ್ಲಿ ಗುಟ್ಟು ಏನೂ ಇಲ್ಲ. ಸೋದರತ್ತೆ ಯಾರ ಹಿಂದೆ ನಿಂತರು ಅಂತ ಇಡೀ ಊರಿಗೆ ಕಾಣುತ್ತದೆ!

ಹೆಂಗಸರ ಎದೆಯ ಮೇಲೆ ತಟ್ಟೆಯಷ್ಟಗಲದ ಬೆಳ್ಳಿ ಪದಕ. ಒಬ್ಬಾಕೆ ಹಾಡಿನ ಒಂದು ಸಾಲು ಕಟ್ಟಿ ಹಾಡಿದರೆ ಉಳಿದವರು ಅದನ್ನೇ ಎತ್ತಿಕೊಂಡು ಹಾಡುತ್ತಾರೆ. ಈ ಲೇಲೊ ಹಾಡುಗಾರಿಕೆ 2009ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು.

ಗೆದ್ದವರಿಗೆ ಬಜೆಟ್ ಇಲ್ಲ, ರಸ್ತೆ ರಿಪೇರಿಯ ತಲೆನೋವೂ ಇಲ್ಲ. ಯಾರ ಮನೆಯ ಚೀಸ್ ರುಚಿ, ಯಾರ ಬಿಯರ್ ಚೆನ್ನ, ಯಾರು ಕಾಯಿಸಿದ ಸಾರಾಯಿ ಖಡಕ್ ಅನ್ನುವ ಸ್ಪರ್ಧೆಗಳೂ ಅದೇ ದಿನ ನಡೆಯುತ್ತವೆ. ಅಲ್ಲಿನ ತೀರ್ಪುಗಾರರಾಗಲು ಪೈಪೋಟಿ ಇದ್ದೇ ಇರಬೇಕು ಅಂತ ನನ್ನ ಗುಮಾನಿ.

ನಮಸ್ಕಾರ.